ಬಸ್ಸಿನ ಹಾರನ್ ಮತ್ತು ಡೋಪಮಿನ್

"ಮೆದುಳಲ್ಲಿ ಕೆಮಿಕಲ್ ಏರುಪೇರಾಗಿದೆ ಅಜ್ಜಿ, ಶುಗರ್ ಇದ್ದ ಹಾಗೆ ಅಂದ್ಕೊಳ್ಳಿ." ಹಾಸನದಲ್ಲಿ ಡಾಕ್ಟರು ಹೀಗಂದಾಗ ಅಜ್ಜಿ ಸೆರಗಲ್ಲಿ ಮುಖ ಒರೆಸಿಕೊಂಡರು. ಚಿಕ್ಕಪ್ಪನಿಗೆ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿ, ಹರಕೆ ಹೊತ್ತು, ಕೊನೆಗೆ ತಾನೇ ಮಗನನ್ನು ಸರಿಯಾಗಿ ಸಾಕಲಿಲ್ಲ ಅಂತ ಕೊರಗುತ್ತಿದ್ದವರು ಅವರು. ಆ ಮಾತು ಅವರ ತಲೆ ಮೇಲಿನ ಹೊರೆ ಇಳಿಸಿತು. ಅದಕ್ಕೆ ಆ ಡಾಕ್ಟರಿಗೆ ಇವತ್ತಿಗೂ ಋಣಿ.

ಆದರೆ ಅದು ಅರ್ಧ ನಿಜ. ಶುಗರ್ ಇದೆಯಾ ಅಂತ ರಕ್ತದಲ್ಲಿ ನೋಡಬಹುದು. ಚಿಕ್ಕಪ್ಪನಿಗಿರೋದು ಸ್ಕಿಜೋಫ್ರೇನಿಯಾ, ಇಲ್ಲದ ದನಿ ಕೇಳಿಸುವ, ಇಲ್ಲದ ಅರ್ಥ ಕಾಣಿಸುವ ಮನಸ್ಸಿನ ಕಾಯಿಲೆ. ಅದಕ್ಕೆ ಅಂಥ ಪರೀಕ್ಷೆ ಇಲ್ಲ.

ಇಲ್ಲಿ ಮಾತ್ರೆ ಮೊದಲು ಬಂತು, ಕಾರಣ ಆಮೇಲೆ. 1952ರಲ್ಲಿ ಫ್ರಾನ್ಸ್‌ನಲ್ಲಿ ಕ್ಲೋರ್‌ಪ್ರೊಮಜಿನ್ ಅನ್ನೋ ಔಷಧಿ ಕೊಟ್ಟರು, ರೋಗಿಗಳು ಸುಧಾರಿಸಿದರು, ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. 1963ರಲ್ಲಿ ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ ಇಲಿಗಳ ಮೆದುಳಲ್ಲಿ ಇದರ ಸುಳಿವು ಹಿಡಿದರು. 70ರ ದಶಕದಲ್ಲಿ ಸ್ಪಷ್ಟವಾಯಿತು: ಮೆದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ಅನ್ನೋ ಕೆಮಿಕಲ್ ಬಂದು ಕೂರುವ ಡಿ2 ಅನ್ನೋ ಜಾಗವನ್ನು ಗಟ್ಟಿಯಾಗಿ ಹಿಡಿಯುವ ಮಾತ್ರೆ ಕಡಿಮೆ ಡೋಸಿಗೇ ಕೆಲಸ ಮಾಡುತ್ತದೆ.

ನನಗೆ ನಿಜಕ್ಕೂ ತಾಗಿದ್ದು 2003ರಲ್ಲಿ ಮನೋವೈದ್ಯ ಶಿತಿಜ್ ಕಪೂರ್ ಬರೆದ ವಿವರಣೆ. ಡೋಪಮಿನ್ ಅಂದರೆ "ಇಲ್ಲಿ ನೋಡು, ಇದು ಮುಖ್ಯ" ಅಂತ ಮೆದುಳು ಗುರುತು ಹಾಕುವ ದಾರಿ. ಅದು ಅಡ್ಡಾದಿಡ್ಡಿ ಹರಿದರೆ ಸುಮ್ನೆ ಇರೋ ವಸ್ತುಗಳೆಲ್ಲ ಮುಖ್ಯ ಆಗಿಬಿಡುತ್ತವೆ. ಸಕಲೇಶಪುರದ ಹತ್ತಿರ ನಮ್ಮ ಮನೆ ತಿರುವಿನಲ್ಲಿ ಸಂಜೆ ಬಸ್ಸು ಎರಡು ಸಲ ಹಾರನ್ ಹೊಡೆಯುತ್ತಿತ್ತು. ಎಲ್ಲ ಬಸ್ಸೂ ಅಲ್ಲಿ ಹೊಡೆಯುತ್ತವೆ. ಚಿಕ್ಕಪ್ಪನಿಗೆ ಮಾತ್ರ ಅದು ತನಗೇ ಕೊಟ್ಟ ಸೂಚನೆ, ಕಣದಲ್ಲಿ ಕಾಫಿ ಕೆದಕುತ್ತಿದ್ದವರು ಕೈಲಿದ್ದದ್ದನ್ನು ಅಲ್ಲೇ ಬಿಸಾಕಿ ಅಟ್ಟ ಹತ್ತಿ ಕೂರುತ್ತಿದ್ದರು.

ಮಾತ್ರೆ ಶುರುವಾಗಿ ಕೆಲವು ವಾರ ಆದ ಮೇಲೆ ಕೇಳಿದೆ, ದನಿಗಳು ನಿಂತವಾ ಅಂತ. "ಇನ್ನೂ ಮಾತಾಡ್ತವೆ ಪುಟ್ಟಿ. ಆದ್ರೆ ನನ್ ಹತ್ರ ಅಲ್ಲ, ಆಚೆ ಮನೇಲಿ ಮಾತಾಡಿದ ಹಾಗೆ" ಅಂದರು. ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ನನಗೆ ಹೇಳಿಕೊಟ್ಟಿಲ್ಲ.

ಹಾಗಂತ ಎಲ್ಲಾ ಡೋಪಮಿನ್ ಅಂತ ಕೈ ತೊಳೆದುಕೊಳ್ಳೋಕೆ ಆಗಲ್ಲ. ಬೇರೆ ಮಾತ್ರೆ ಸೋತಾಗ ಕೆಲಸಕ್ಕೆ ಬರುವ ಕ್ಲೋಜಪಿನ್ ಡಿ2 ಜಾಗವನ್ನು ಸಡಿಲವಾಗಿ ಹಿಡಿಯುತ್ತದೆ. ಅರಿವಳಿಕೆಗೆ ಕೊಡುವ ಕೆಟಮಿನ್, ಗ್ಲುಟಮೇಟ್ ಅನ್ನೋ ಮೆದುಳಿನ ಇನ್ನೊಂದು ಕೆಮಿಕಲ್ಲಿನ ದಾರಿಗೆ ಅಡ್ಡ ಬಂದು ಆರೋಗ್ಯವಂತರಲ್ಲೂ ಸ್ವಲ್ಪ ಹೊತ್ತು ಇಂಥದೇ ಲಕ್ಷಣ ತರಬಲ್ಲದು. 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಹೊಸ ಮಾತ್ರೆ ಡೋಪಮಿನ್ ಜಾಗ ಮುಟ್ಟುವುದೇ ಇಲ್ಲ, ಅಸಿಟೈಲ್‌ಕೋಲಿನ್ ಅನ್ನೋ ಬೇರೊಂದು ಕೆಮಿಕಲ್ ಕಡೆಯಿಂದ ಹೋಗುತ್ತದೆ. ಇನ್ನು ಒಂದೇ ವಂಶವಾಹಿ ಇರುವ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರದೇ ಇರುವುದು ಸಾಮಾನ್ಯ.

ನಮ್ಮ ಮನೆಯಲ್ಲಿ ಉಳಿದಿರೋ ಕಷ್ಟ ದನಿಯದ್ದಲ್ಲ. ಚಿಕ್ಕಪ್ಪನಿಗೆ ಯಾವುದರ ಮೇಲೂ ಮನಸ್ಸೇ ಇಲ್ಲ. ಸ್ನಾನ, ಮಾತು, ಊಟ, ಯಾವುದೂ ಬೇಕು ಅನ್ನಿಸಲ್ಲ. ಇದು ಸೋಮಾರಿತನ ಅಲ್ಲ, ಇದೂ ಕಾಯಿಲೆಯೇ, ಈಗಿರೋ ಮಾತ್ರೆಗಳು ಇದಕ್ಕೆ ಅಷ್ಟಾಗಿ ತಾಗುವುದಿಲ್ಲ. "ಮಾತ್ರೆ ತಗೋತಾನಲ್ಲ, ಇನ್ನೇನಂತೆ?" ಅಂತ ನೆಂಟರು ಕೇಳಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಈ ಸಲ ಕಾಫಿ ಕಣಕ್ಕೆ ಬಂದಾಗ ದಿನಾ ಕರೆದೆ. ಎರಡು ದಿನ ಜಗಲಿಯಿಂದ ಏಳಲಿಲ್ಲ. ಮೂರನೇ ದಿನ ಬಂದರು, ಅರ್ಧ ಗಂಟೆ ಕಾಫಿ ಕೆದಕಿದರು. ಬಸ್ಸು ಹಾರನ್ ಹೊಡೆಯಿತು. ತಿರುಗಿ ನೋಡಿ, ಮತ್ತೆ ಕೆದಕಿದರು.