ಸೈಲೆನ್ಸರ್ ಬಿಚ್ಚಿ ತೋರಿಸ್ತೀರಾ?

ಮಳೆಗಾಲದಲ್ಲಿ ಸಕಲೇಶಪುರದ ಕಡೆ ಮರ ಕೊಯ್ಯುವ ಮಿಷನ್‌ನವರು ಸಿಗುವುದು ಅಂದರೆ ಮದುವೆ ಸೀಸನ್ನಿನಲ್ಲಿ ಅಡುಗೆ ಭಟ್ಟರು ಸಿಕ್ಕ ಹಾಗೆ. ಆರಿದ್ರಾ ಮಳೆಯ ಗಾಳಿಗೆ ಎಲ್ಲರ ತೋಟದಲ್ಲೂ ಒಂದೇ ರಾತ್ರಿ ಮರ ಬೀಳುತ್ತವೆ. ಬೆಳಿಗ್ಗೆ ಎಲ್ಲರೂ ಅದೇ ನಾಲ್ಕು ಜನಕ್ಕೆ ಫೋನ್ ಮಾಡುತ್ತಾರೆ. ಹೋದ ವರ್ಷ ನಮ್ಮದೊಂದು ಸಿಲ್ವರ್ ಓಕ್ ಮೆಣಸಿನ ಬಳ್ಳಿ ಸಮೇತ ಸೋಲಾರ್ ಬೇಲಿಯ ಮೇಲೆ ಬಿತ್ತು. ತಂತಿ ನೆಲ ಕಚ್ಚಿತು. ಆನೆ ಓಡಾಡುವ ಜಾಗ ಬೇರೆ. ಮಿಷನ್‌ನವರು ಬರುವಷ್ಟರಲ್ಲಿ ಆನೆಗಳೇ ಬಂದು ಬಾಳೆ ತಿಂದು, ಕಾಫಿ ಗಿಡ ತುಳಿದು ಹೋಗಿದ್ದವು. ಮುಂದಿನ ಮಳೆಗಾಲದೊಳಗೆ ಮನೆಯಲ್ಲೇ ಒಂದು ಚೈನ್‌ಸಾ ಇರಬೇಕು ಅಂತ ಆಗಲೇ ತೀರ್ಮಾನ ಮಾಡಿದೆ.

ಹೊಸದು ತಗೊಳ್ಳಬಹುದಿತ್ತು. ಆದರೆ ಕೈಯಲ್ಲಿದ್ದ ದುಡ್ಡಿಗೆ ಹೊಸದರಲ್ಲಿ ಸಿಗುತ್ತಿದ್ದದ್ದು ಮನೆಬಳಕೆಯ ಚಿಕ್ಕ ಮಿಷನ್. ಸ್ಟಿಲ್ ಕಂಪನಿಯ ಎಂಎಸ್ 180 ಥರದ್ದು, 31.8 ಸಿಸಿ. ಕೊಂಬೆ ಕೊಯ್ಯಲು, ಸೌದೆ ಮಾಡಲು ಅದು ಚೆನ್ನಾಗಿಯೇ ಇದೆ. ದಿನವಿಡೀ ದೊಡ್ಡ ಬೊಡ್ಡೆ ಕೊಯ್ಯಲು ಮಾಡಿದ್ದಲ್ಲ. ಕೂಲಿಗೆ ಮರ ಕೊಯ್ಯುವವರ ಮಿಷನ್ನಿನ ರಚನೆಯೇ ಬೇರೆ. ಅದರ ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್ನಿನ ಕೆಳಭಾಗದ ಚಿಪ್ಪು, ಮ್ಯಾಗ್ನೀಸಿಯಂನದು. ಸಿಲಿಂಡರ್ ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ್ದು. ಪಿಸ್ಟನ್ ಹೋದರೆ ಸಿಲಿಂಡರ್ ಎತ್ತಿ ಹೊಸದು ಹಾಕಿ ಮತ್ತೆ ಓಡಿಸಬಹುದು. ಚಿಕ್ಕದರಲ್ಲಿ ಅಷ್ಟು ಕೆಲಸಕ್ಕೆ ಇಡೀ ಎಂಜಿನ್ನನ್ನೇ ಹೊರಗೆ ತೆಗೆಯಬೇಕು, ಆ ಖರ್ಚಿಗೆ ಅದು ಬಾಳುವುದಿಲ್ಲ. ಹಾಗಾಗಿ ಹಳೆಯದಾದರೂ ಪರವಾಗಿಲ್ಲ, ಕೆಲಸದವರ ಮಿಷನ್ನೇ ಬೇಕು ಅಂದುಕೊಂಡೆ.

ನನ್ನ ತಲೆಯಲ್ಲಿ ಕೂತಿದ್ದದ್ದು ಎಂಎಸ್ 382. 72.2 ಸಿಸಿ, ಚೈನ್ ಸುತ್ತುವ ಪಟ್ಟಿ, ಅಂದರೆ ಬಾರ್, ಅದೂ ಉದ್ದನೆಯದು. ತಗೊಳ್ಳುವುದಾದರೆ ದೊಡ್ಡದೇ ಇರಲಿ ಅನ್ನುವ ಯೋಚನೆ. ನಮ್ಮ ಮೇಸ್ತ್ರಿ ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಹಿಂದೆ ಟಿಂಬರ್ ಕೆಲಸದಲ್ಲಿ ವರ್ಷಗಟ್ಟಲೆ ಮಿಷನ್ ಹಿಡಿದವರು. ಅವರು ನನ್ನ ಮಾತು ಕೇಳಿ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. "ನೋಡೋಣ ಬಿಡಿ ಅಣ್ಣ" ಅಂದು ಜೀಪು ಹತ್ತಿದರು.

ಮೊದಲು ಹೋಗಿದ್ದು ಹಾಸನದ ಒಂದು ರಿಪೇರಿ ಅಂಗಡಿಗೆ. 382 ಇದೆ ಅಂದಿದ್ದರು, ಇತ್ತು. ಪಳಪಳ ಹೊಳೆಯುತ್ತಿತ್ತು. ಅಂಗಡಿಯವರು ಹಗ್ಗ ಎಳೆದರೆ ಒಂದೇ ಏಟಿಗೆ ಸ್ಟಾರ್ಟ್. ನನಗಂತೂ ಖುಷಿಯಾಯಿತು. ಮೇಸ್ತ್ರಿ ಮಿಷನ್ ಆಫ್ ಮಾಡಿಸಿ, ಬೋಲ್ಟಿನ ತಲೆಗಳ ಮೇಲೆ ಬೆರಳಾಡಿಸಿದರು. ಬೋಲ್ಟಿನ ಮೇಲೂ ಬಣ್ಣ ಇತ್ತು, ಅಂದರೆ ಹಳೇ ಮಿಷನ್ನಿಗೆ ಹೊಸದಾಗಿ ಬಳಿದದ್ದು. "ನಾವು ಬರೋ ಮುಂಚೆನೂ ಓಡಿಸಿದ್ರಾ?" ಅಂತ ಕೇಳಿದರು. ಅಂಗಡಿಯವರು ಸುಮ್ನೆ ನಕ್ಕರು. ಬಿಸಿ ಮಾಡಿಟ್ಟ ಮಿಷನ್ ಯಾರು ಎಳೆದರೂ ಸ್ಟಾರ್ಟ್ ಆಗುತ್ತದೆ. ತಣ್ಣಗಿದ್ದಾಗ ಹೇಗೆ ಏಳುತ್ತದೆ ಅನ್ನುವುದು ಹೀಗೆ ನೋಡಿದರೆ ಗೊತ್ತಾಗುವುದೇ ಇಲ್ಲ.

ಆಮೇಲೆ ಮೇಸ್ತ್ರಿ ಸ್ವಿಚ್ ಆಫ್‌ನಲ್ಲೇ ಇಟ್ಟು, ಸ್ಟಾರ್ಟರ್ ಹಗ್ಗದ ಹಿಡಿಯೊಂದನ್ನೇ ಹಿಡಿದು ಮಿಷನ್ನನ್ನು ನೇತುಬಿಟ್ಟರು. ಸಿಲಿಂಡರಿನೊಳಗೆ ಕಂಪ್ರೆಷನ್, ಅಂದರೆ ಒತ್ತಡ, ಸರಿಯಾಗಿ ಇದ್ದರೆ ಮಿಷನ್ ತಡೆದು ತಡೆದು ನಿಧಾನಕ್ಕೆ ಇಳಿಯಬೇಕು. ಇದು ಸರ್ರಂತ ಇಳಿಯಿತು. ಈ ಪರೀಕ್ಷೆ ಮಾಡುವಾಗ, ಹಗ್ಗ ಎಳೆಯಲು ಸಲೀಸಾಗಲಿ ಅಂತ ಒತ್ತಡ ಬಿಡುವ ಡಿಕಂಪ್ರೆಷನ್ ಬಟನ್ ಒತ್ತಿರಬಾರದು, ಒತ್ತಿದ್ದರೆ ಒಳ್ಳೆ ಮಿಷನ್ನೂ ಹಾಗೇ ಇಳಿಯುತ್ತದೆ. ಅದನ್ನೂ ಅವರು ಮೊದಲೇ ನೋಡಿಕೊಂಡಿದ್ದರು.

"ಸೈಲೆನ್ಸರ್ ಬಿಚ್ಚಿ ತೋರಿಸ್ತೀರಾ?"

"ಯಾಕೆ ಯಜಮಾನ್ರೇ, ಓಡ್ತಾ ಇದ್ಯಲ್ಲ?"

"ಓಡೋದು ಕೇಳಿಸ್ತು. ಒಳಗೆ ನೋಡ್ಬೇಕಿತ್ತು."

ಅಂಗಡಿಯವರ ಮುಖ ಗಂಟಾಯಿತು. ಆದರೂ ಬಿಚ್ಚಿದರು. ಸೈಲೆನ್ಸರ್ ತೆಗೆದರೆ ಹೊಗೆ ಹೋಗುವ ಕಿಂಡಿಯಿಂದ ಪಿಸ್ಟನ್ನಿನ ಪಕ್ಕ ನೇರವಾಗಿ ಕಾಣುತ್ತದೆ. ಮೊಬೈಲ್ ಟಾರ್ಚ್ ಬಿಟ್ಟು ಹಗ್ಗ ಮೆಲ್ಲಗೆ ಎಳೆದು ನೋಡಿದೆವು. ನುಣ್ಣಗಿರಬೇಕಾದ ಕಡೆ ಮೇಲಿಂದ ಕೆಳಗೆ ಗೀರುಗಳು. ಬೆರಳಿನ ಉಗುರು ಸಿಕ್ಕಿಕೊಳ್ಳುವಷ್ಟು ಆಳ.

ಈ ಗೀರು ಹೇಗೆ ಬೀಳುತ್ತದೆ ಅನ್ನುವುದನ್ನು ದಾರಿಯಲ್ಲಿ ಮೇಸ್ತ್ರಿ ವಿವರಿಸಿದರು. ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಆಯಿಲ್ ಇಲ್ಲ, ಪೆಟ್ರೋಲಿನಲ್ಲಿ ಬೆರೆಸಿದ್ದೇ ಅದರ ಜೀವ. ಕಂಪನಿಯ ಟೂ ಸ್ಟ್ರೋಕ್ ಆಯಿಲ್ ಆದರೆ ಲೀಟರಿಗೆ 20 ಮಿಲಿ. ಕೆಲಸದ ಅವಸರದಲ್ಲಿ ಯಾರೋ ಕಣ್ಣಳತೆಯಲ್ಲಿ ಸುರಿಯುತ್ತಾರೆ, ಇನ್ಯಾರೋ ಬೈಕಿನಿಂದ ಬರೀ ಪೆಟ್ರೋಲ್ ತೆಗೆದು ಹಾಕುತ್ತಾರೆ. ಆಯಿಲ್ ಸರಿ ಇದ್ದರೂ ರಬ್ಬರ್ ಪೈಪೋ ಸೀಲೋ ಸೀಳಿ ಒಳಗೆ ಗಾಳಿ ಎಳೆದರೆ ಪೆಟ್ರೋಲ್ ಕಡಿಮೆಯಾಗಿ ಬಿಸಿ ಏರುತ್ತದೆ. ಎರಡರಲ್ಲಿ ಯಾವುದಾದರೂ ಪಿಸ್ಟನ್ ಗೀರುತ್ತದೆ, ಜಾಸ್ತಿಯಾದರೆ ಸೀಜ್, ಅಂದರೆ ಪಿಸ್ಟನ್ ಸಿಲಿಂಡರಿನಲ್ಲೇ ಹಿಡಿದುಕೊಳ್ಳುತ್ತದೆ.

ಇನ್ನೊಂದು ಕಡೆ ತೋರಿಸಿದ್ದರ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ದೊಡ್ಡ ಕಂಪನಿಯ ಸ್ಟಿಕ್ಕರ್, ಒಳಗೆ ಯಾವುದೋ ನಕಲಿ ಮಾಲು. ಕ್ರ್ಯಾಂಕ್‌ಕೇಸಿನ ಮೇಲೆ ಸೀರಿಯಲ್ ನಂಬರೇ ಇರಲಿಲ್ಲ. ಟೀ ಕುಡಿದು ಎದ್ದು ಬಂದೆವು.

ಕೊನೆಗೆ ಸಿಕ್ಕಿದ್ದು ಹಾನುಬಾಳಿನ ಹತ್ತಿರದ ಒಬ್ಬ ಹಿರಿಯ ಬೆಳೆಗಾರರ ಮನೆಯಲ್ಲಿ. ಎಂಎಸ್ 361, 59 ಸಿಸಿ, 18 ಇಂಚಿನ ಬಾರ್. ಬಣ್ಣ ಹೋಗಿತ್ತು, ಹಿಡಿ ಸವೆದಿತ್ತು. ಇದಕ್ಕೂ ಸೈಲೆನ್ಸರ್ ಬಿಚ್ಚಬೇಕು ಅಂದಾಗ ಅವರೇ ಒಳಗಿಂದ ಸ್ಪ್ಯಾನರ್ ತಂದುಕೊಟ್ಟರು. ಪಿಸ್ಟನ್ ಮೇಲೆ ಕಂಪನಿಯಲ್ಲಿ ಬಿದ್ದ ಸಣ್ಣ ಗೆರೆಗಳು ಇನ್ನೂ ಅಳಿಸಿರಲಿಲ್ಲ. ಹಗ್ಗ ಹಿಡಿದು ನೇತುಬಿಟ್ಟರೆ ತಡೆತಡೆದು ಇಳಿಯಿತು. ತಣ್ಣಗಿದ್ದ ಮಿಷನ್ ಚೋಕ್ ಹಾಕಿ ಎಳೆದಾಗ ಸ್ವಲ್ಪ ಸತಾಯಿಸಿ ಎದ್ದಿತು. ಬಿಸಿಯಾದ ಮೇಲೆ ಆಫ್ ಮಾಡಿ ಮತ್ತೆ ಎಳೆದೆವು, ತಕ್ಷಣ ಎದ್ದಿತು. ಸ್ಲೋನಲ್ಲಿ ಬಿಟ್ಟು ಎಡಕ್ಕೆ, ಬಲಕ್ಕೆ, ಮೂತಿ ಕೆಳಗೆ ಹಿಡಿದರೂ ಸದ್ದು ಏರಿಳಿಯಲಿಲ್ಲ. ಗಾಳಿ ಎಳೆಯುತ್ತಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಬಾರಿನ ತುದಿಯನ್ನು ಒಣ ಅಡಿಕೆ ಹಾಳೆಯ ಹತ್ತಿರ ಹಿಡಿದು ಆಕ್ಸಿಲೇಟರ್ ಕೊಟ್ಟರೆ ಹಾಳೆಯ ಮೇಲೆ ಚೈನಿಗೆ ಹೋಗುವ ಆಯಿಲಿನ ಗೆರೆ ಬಿತ್ತು, ಚೈನಿನ ಆಯಿಲ್ ಪಂಪ್ ಸರಿ ಇದೆ. ಚೈನ್ ಓಡುವಾಗ ಮುಂದಿನ ಗಾರ್ಡ್ ತಳ್ಳಿದರೆ ಟಕ್ಕಂತ ನಿಂತಿತು. ಈ ಬ್ರೇಕ್ ಕೆಲಸ ಮಾಡದ ಮಿಷನ್ನನ್ನು ಬಿಟ್ಟಿ ಕೊಟ್ಟರೂ ಮನೆಗೆ ತರಬಾರದು ಅನ್ನುವುದು ನನ್ನ ಅಭಿಪ್ರಾಯ. ಬಾರಿನ ತುದಿ ಮರಕ್ಕೆ ಬಡಿದರೆ ಮಿಷನ್ ಮುಖದ ಕಡೆ ಚಿಮ್ಮುತ್ತದೆ, ಆಗ ಮೊದಲು ಕಾಪಾಡುವುದು ಅದೇ.

ತೊಂದರೆಯೂ ಇತ್ತು. ಸ್ಪ್ರಾಕೆಟ್ಟಿನಲ್ಲಿ ಚೈನ್ ಕೂರುವ ಕಡೆ ಅರ್ಧ ಮಿಲಿಮೀಟರಿಗಿಂತ ಆಳಕ್ಕೆ ಸವೆದಿತ್ತು. ಅಂಥದ್ದರ ಮೇಲೆ ಹೊಸ ಚೈನ್ ಹಾಕಿದರೆ ಆ ಚೈನೂ ಬೇಗ ಹಾಳು. ಪೆಟ್ರೋಲ್ ಪೈಪ್ ಗಟ್ಟಿಯಾಗಿತ್ತು. ಒಂದು ಒಣ ದಿಮ್ಮಿ ಕೊಯ್ದು ನೋಡಿದರೆ ಗೀಟು ಒಂದು ಕಡೆ ವಾಲಿತು. ಮೇಸ್ತ್ರಿ ಚೈನ್ ಬಿಚ್ಚಿ ನೋಡಿ, "ಬಲಗೈ ಕಡೆ ಹಲ್ಲಿಗೆ ಅರ ಜಾಸ್ತಿ ಹಿಡ್ದಿದ್ದಾರೆ, ಎಡಗಡೆದು ಉದ್ದ ಉಳ್ದಿದೆ" ಅಂದರು. ಯಜಮಾನರು ಒಪ್ಪಿಕೊಂಡರು. ಅವರಿಗೆ ಬಲಗೈ ಕಡೆಯೇ ಸಲೀಸಂತೆ.

ಈ ಎಡ ಬಲ ಹಲ್ಲಿನ ಕಥೆ ಕಾಫಿಯವರಿಗೆ ಇಷ್ಟವಾಗುತ್ತದೆ. ಅಮೆರಿಕದ ಜೋಸೆಫ್ ಕಾಕ್ಸ್ ಅನ್ನುವ ಮರ ಕೊಯ್ಯುವವನು 1946ರಲ್ಲಿ ಒಂದು ಮರಕೊರಕ ಹುಳುವನ್ನು ನೋಡುತ್ತಾ ಕೂತನಂತೆ. ಹುಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆ ಆಡಿಸುತ್ತಾ ಮರದೊಳಗೆ ಸಲೀಸಾಗಿ ಹೋಗುತ್ತಿತ್ತು. ಅದೇ ಥರದ ಹಲ್ಲುಗಳನ್ನು ಉಕ್ಕಿನಲ್ಲಿ ಮಾಡಿ ಚೈನಿಗೆ ಹಾಕಿದ, ಅದರಿಂದಲೇ ಚೈನ್ ಮಾಡುವ ಒರೆಗಾನ್ ಕಂಪನಿ ಹುಟ್ಟಿತು. ನಾವು ಅರೇಬಿಕಾ ಕಾಫಿ ಗಿಡದಲ್ಲಿ ಬೋರರ್, ಅಂದರೆ ಕಾಂಡ ಕೊರೆಯುವ ಹುಳು, ಕಂಡರೆ ಗಿಡ ಕಿತ್ತು ಸುಡುತ್ತೇವೆ. ಅವನು ಅಂಥದ್ದೇ ಒಂದು ಹುಳುವಿನಿಂದ ದುಡ್ಡು ಮಾಡಿದ.

ಇಷ್ಟೆಲ್ಲಾ ಆದರೂ ನನ್ನ ಮನಸ್ಸು 382ರಲ್ಲೇ ಇತ್ತು. ಇನ್ನೊಂದು ವಾರ ಹುಡುಕಿದರೆ ಒಳ್ಳೆಯದೊಂದು ಸಿಗಬಹುದು ಅಂತ ಮೇಸ್ತ್ರಿ ಕಿವಿಯಲ್ಲಿ ಹೇಳಿದೆ. ಅವರು ಮಿಷನ್ ಎತ್ತಿ ನನ್ನ ಕೈಗೆ ಕೊಟ್ಟರು. "ಇದು ಐದೂವರೆ ಕೆಜಿ ಚಿಲ್ಲರೆ, ಅದು ಆರರ ಮೇಲೆ. ಬಾರು, ಚೈನು, ಪೆಟ್ರೋಲು, ಆಯಿಲು ಬೇರೆ. ಮಳೇಲಿ ಜಾರೋ ಇಳಿಜಾರಲ್ಲಿ, ಗಿಡದ ಸಂದೀಲಿ ನಿಂತು ಹಿಡಿಯೋದು. ಕೊಯ್ಯೋದು ನೀವಲ್ಲ ಅಣ್ಣ, ನಾನು."

ಇದಕ್ಕೆ ನನ್ನ ಹತ್ತಿರ ಏನು ಉತ್ತರ ಇರುತ್ತದೆ? ದಪ್ಪ ಮರ ಬಂದರೆ ಅಂತ ಕೇಳಿದೆ. ಎರಡೂ ಕಡೆಯಿಂದ ಕೊಯ್ದರೆ ಬಾರಿಗಿಂತ ದಪ್ಪದ ದಿಮ್ಮಿಯೂ ಆಗುತ್ತದೆ, ನಮ್ಮ ತೋಟದ ಸಿಲ್ವರ್ ಓಕಿಗೆ 18 ಇಂಚು ಧಾರಾಳ ಅಂದರು. ಬಾರ್ ಉದ್ದವಾದಷ್ಟೂ ಅರ ಹಿಡಿಯಬೇಕಾದ ಹಲ್ಲೂ ಜಾಸ್ತಿ ಅಂತ ಇನ್ನೊಂದು ಸೇರಿಸಿದರು.

ಯಜಮಾನರು 25,000 ಹೇಳಿದ್ದರು. ಸ್ಪ್ರಾಕೆಟ್, ಪೈಪ್, ಚೈನ್ ಎಲ್ಲಾ ಲೆಕ್ಕ ಹಾಕಿ 22,000ಕ್ಕೆ ಮುಗಿಯಿತು. ಮೇಲೆ ಒಂದು ಹಳೇ ಬಾರ್ ಬಿಟ್ಟಿ. ಕೊಡುವಾಗ ಒಂದೇ ಮಾತು ಹೇಳಿದರು: "ಕೆಲಸ ಮುಗಿದ ಮೇಲೆ ಟ್ಯಾಂಕಲ್ಲಿ ಪೆಟ್ರೋಲ್ ಬಿಡಬೇಡಿ. ಈಗಿನ ಪೆಟ್ರೋಲಲ್ಲಿ ಎಥನಾಲ್ ಇರುತ್ತೆ, ನೀರು ಎಳ್ಕೊಳ್ಳುತ್ತೆ, ಕಾರ್ಬ್ಯುರೇಟರ್ ಹೋಗುತ್ತೆ." ಮಲೆನಾಡಿನ ಮಳೆಗಾಲದ ತೇವಕ್ಕೆ ಆ ಮಾತು ಇನ್ನೂ ಜಾಸ್ತಿ ಸಲ್ಲುತ್ತದೆ.

382 ತಗೊಳ್ಳದೆ ಉಳಿದ ದುಡ್ಡಿನಲ್ಲಿ ಮೇಸ್ತ್ರಿಗೆ ಹೆಲ್ಮೆಟ್, ಬೂಟು, ಮತ್ತೆ ಚೈನ್ ತಾಗಿದರೆ ಒಳಗಿನ ನಾರು ಸಿಕ್ಕಿಕೊಂಡು ಮಿಷನ್ ನಿಲ್ಲಿಸುವ ಪ್ಯಾಂಟು ತಂದೆ. ನಮ್ಮ ಕಡೆ ಹವಾಯಿ ಚಪ್ಪಲಿ, ಲುಂಗಿಯಲ್ಲೇ ಮರ ಕೊಯ್ಯುವುದನ್ನು ನೋಡಿ ನೋಡಿ ನನಗೆ ಭಯ. ಮೇಸ್ತ್ರಿ ಬೂಟು ಹಾಕುತ್ತಾರೆ. ಹೆಲ್ಮೆಟ್ಟನ್ನೂ ಹಾಕುತ್ತಾರೆ, ನಾನು ಎದುರಿಗಿದ್ದರೆ. ಪ್ಯಾಂಟು ಮಾತ್ರ ಸೆಕೆ ಅಂತ ಗೋಡೌನಿನ ಮೊಳೆಗೆ ನೇತುಹಾಕಿದ್ದಾರೆ. ಮಿಷನ್ ಆರಿಸುವಾಗ ಅವರ ಮಾತು ನಡೆಯಿತು, ಇದರಲ್ಲಿ ನನ್ನ ಮಾತು ನಡೆಯಲಿ ಅಂದರೆ, "ಮಳೆ ಹಿಡೀಲಿ ತಡೀರಿ ಅಣ್ಣ, ಆಮೇಲೆ ಹಾಕ್ತೀನಿ" ಅನ್ನುತ್ತಾರೆ.