ಮರೆಯಲಾಗದ ಹೋಟೆಲ್ ಊಟ ಯಾವುದು ಅಂತ ಕೇಳುವವರಿಗೆ

ಊಟ-ತಿಂಡಿ ಬಗ್ಗೆ ಬರೀತೀನಿ ಅಂತ ಗೊತ್ತಾದ ಕೂಡಲೇ ಜನ ಕೇಳೋದು ಒಂದೇ ಪ್ರಶ್ನೆ: "ಇಷ್ಟು ಕಡೆ ತಿಂದಿದ್ದೀರಲ್ಲ, ಮರೆಯೋಕೇ ಆಗದ ಊಟ ಯಾವುದು?" ನನ್ನ ಉತ್ತರ ಕೇಳಿ ಹೆಚ್ಚಿನವರಿಗೆ ಸಪ್ಪೆ ಅನಿಸುತ್ತದೆ. ಯಾಕಂದ್ರೆ ಆ ದಿನ ಏನೇನು ತಿಂದೆವು ಅನ್ನೋದೇ ನನಗೆ ಸರಿಯಾಗಿ ನೆನಪಿಲ್ಲ. ಬಡಿಸಿದ ಹುಡುಗ ಮಾತ್ರ ಚೆನ್ನಾಗಿ ನೆನಪಿದ್ದಾನೆ.

ಅಪ್ಪನಿಗೆ ಆಗಷ್ಟೇ ಕೈ ನಡುಕ ಶುರುವಾಗಿತ್ತು. ನಾಲ್ಕು ಜನರ ಎದುರು ಕೂತು ತಿನ್ನೋದೇ ಬೇಡ ಅಂತಿದ್ದರು. ಬಲವಂತ ಮಾಡಿ ಕರೆದುಕೊಂಡು ಹೋಗಿದ್ದೆವು. ಕೂತ ಸ್ವಲ್ಪ ಹೊತ್ತಿಗೇ ಅವರ ಲೋಟದ ನೀರು ತುಳುಕಿ ಮೇಜೆಲ್ಲ ಒದ್ದೆ. ಅಪ್ಪ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಹುಡುಗ ಬಂದ, ಒರೆಸಿದ, ಹೋದ. "ಪರವಾಗಿಲ್ಲ ಸಾರ್" ಅಂತಲೂ ಅನ್ನಲಿಲ್ಲ. ಆಮೇಲೆ ನೋಡಿದರೆ ಮೇಜಿನ ಮೇಲಿದ್ದ ಉದ್ದನೆಯ ಲೋಟಗಳೆಲ್ಲ ಹೋಗಿ, ದಪ್ಪ ತಳದ ಗಿಡ್ಡ ಲೋಟಗಳು ಬಂದಿದ್ದವು. ಅಪ್ಪನ ಮುಂದೆ ಮಾತ್ರ ಅಲ್ಲ, ಎಲ್ಲರ ಮುಂದೆಯೂ. ಎಲ್ಲದರಲ್ಲೂ ಅರ್ಧವೇ ನೀರು.

ಇದರಲ್ಲಿ ಎಷ್ಟು ಯೋಚನೆ ಇದೆ ನೋಡಿ. ಅಪ್ಪನ ಲೋಟ ಒಂದನ್ನೇ ಬದಲಿಸಿದ್ದರೆ ಸಾಕಿತ್ತು, ಆದರೆ ಅವರಿಗೆ ಇನ್ನಷ್ಟು ಮುಜುಗರ ಆಗುತ್ತಿತ್ತು. ಅರ್ಧ ಲೋಟ ಅಂದರೆ ಅವನು ಮತ್ತೆ ಮತ್ತೆ ಬಂದು ತುಂಬಿಸಬೇಕು. ಬಂದ, ಮುಖ ಸಿಂಡರಿಸದೆ. ಊಟ ಬಂದಾಗ ತಟ್ಟೆಗಳಿಗೂ ಎತ್ತರದ ಅಂಚಿತ್ತು. ಚಮಚಕ್ಕೆ ಸಿಗದೆ ಜಾರುವುದನ್ನು ಅಂಚಿಗೆ ಒತ್ತಿ ಎತ್ತಿಕೊಳ್ಳಬಹುದು. ಅರ್ಧ ಊಟದ ಹೊತ್ತಿಗೆ ಅಪ್ಪ ತಾವೇ ಅವನನ್ನು ಕರೆದು ಇನ್ನೇನೋ ತರಲು ಹೇಳಿದರು.

ಇಷ್ಟು ಹೇಳಿದರೆ ಎಲ್ಲರದೂ ಒಂದೇ ಮಾತು: "ಪಾಪ, ಒಳ್ಳೆ ಮನಸ್ಸಿನ ಹುಡುಗ." ಅರ್ಧ ಒಪ್ಪುತ್ತೇನೆ. ಬರೀ ಒಳ್ಳೆ ಮನಸ್ಸಿನಿಂದ ಇದು ಆಗಲ್ಲ. ಒಬ್ಬನ ತಲೆ ಮೇಲೆ ಹತ್ತಾರು ಮೇಜು ಹೊರಿಸಿದರೆ ಎಂಥ ಮನಸ್ಸಿದ್ದರೂ ನೋಡೋಕೆ ಪುರುಸೊತ್ತೆಲ್ಲಿ? ಬೇರೆ ತಟ್ಟೆ ಬೇಕು ಅಂತ ಅಡುಗೆಮನೆಗೆ ಹೇಳಿದಾಗ ಒಳಗಿನವರು "ಯಾಕೆ, ಏನು" ಅಂತ ತಕರಾರು ತೆಗೆಯಬಾರದು. ಇಂಥದ್ದಕ್ಕೆಲ್ಲ ಮ್ಯಾನೇಜರನ್ನು ಕೇಳಲೇಬೇಕು ಅನ್ನೋ ನಿಯಮ ಇರಬಾರದು. ಅವನಿಗೆ ಆ ಸ್ವಾತಂತ್ರ್ಯ ಕೊಟ್ಟವರು ಯಾರೋ ಇದ್ದಾರಲ್ಲ, ಅವರಿಗೂ ಪಾಲು ಸಲ್ಲಬೇಕು.

ಈ ಕೆಲಸಕ್ಕೆ ತಲೆ ಎಷ್ಟು ಓಡಬೇಕು ಅನ್ನೋದನ್ನು ನಾವು ಲೆಕ್ಕಕ್ಕೇ ಇಟ್ಟಿಲ್ಲ. ಆಂಡರ್ಸ್ ಎರಿಕ್ಸನ್ ಮತ್ತು ಪೀಟರ್ ಪೋಲ್ಸನ್ ಎಂಬ ಮನಶ್ಶಾಸ್ತ್ರಜ್ಞರು 1988ರಲ್ಲಿ ಒಬ್ಬ ವೇಟರ್ ಬಗ್ಗೆ ಬರೆದರು. ಅವನು ಚೀಟಿಯಲ್ಲಿ ಒಂದಕ್ಷರವೂ ಬರೆದುಕೊಳ್ಳದೆ 20 ಜನರವರೆಗಿನ ಆರ್ಡರ್ ನೆನಪಿಡುತ್ತಿದ್ದ. ಅದೇನು ಹುಟ್ಟಾ ಬಂದ ವರ ಅಲ್ಲ, ಅವನೇ ಕಟ್ಟಿಕೊಂಡ ಉಪಾಯ. ಗಿರಾಕಿಯ ಮುಖಕ್ಕೂ ಅವನು ಹೇಳಿದ ಪದಾರ್ಥಕ್ಕೂ ಗಂಟು ಹಾಕುತ್ತಿದ್ದ. ನಾಲ್ಕು ನಾಲ್ಕು ಜನರ ಗುಂಪು ಮಾಡಿಕೊಳ್ಳುತ್ತಿದ್ದ. ಕೆಲವು ಪದಾರ್ಥಗಳ ಮೊದಲ ಅಕ್ಷರ ಮಾತ್ರ ಪೋಣಿಸಿಟ್ಟುಕೊಳ್ಳುತ್ತಿದ್ದ. ಇದನ್ನು ಓದಿದ ಮೇಲೂ ಸಪ್ಲೈ ಕೆಲಸ ಅಂದ್ರೆ ಯಾರು ಬೇಕಾದರೂ ಮಾಡಬಹುದಾದ ಕೆಲಸ ಅನ್ನುವವರ ಜೊತೆ ನನಗೆ ವಾದ ಇಲ್ಲ. ಒಂದು ಭಾನುವಾರ ಸುಮ್ನೆ ಬಂದು ಬಡಿಸಿ ನೋಡಲಿ.

ಇನ್ನೊಂದು ವಿಷಯ, ಬಿಲ್ಲು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್ಮನ್ ಮತ್ತು ಸಂಗಡಿಗರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಸಲ ಕೈ ನೋಯುವಷ್ಟು ತಣ್ಣಗಿರುವ 14 ಡಿಗ್ರಿ ಸೆಲ್ಸಿಯಸ್ ನೀರಲ್ಲಿ 60 ಸೆಕೆಂಡ್ ಕೈ ಇಡಬೇಕು. ಇನ್ನೊಂದು ಸಲವೂ ಅಷ್ಟೇ ಹೊತ್ತು ಇಟ್ಟು, ಆಮೇಲೆ ಇನ್ನೂ 30 ಸೆಕೆಂಡ್ ಇಡಬೇಕು, ಆಗ ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತದೆ. ಎರಡರಲ್ಲಿ ಯಾವುದನ್ನು ಮತ್ತೆ ಮಾಡುತ್ತೀರಿ ಅಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು! ಕೊನೆಗೆ ನೋವು ಸ್ವಲ್ಪ ಕಡಿಮೆಯಾಗಿತ್ತು ಅನ್ನೋದಷ್ಟೇ ಕಾರಣ. ಹೋಟೆಲಿನಲ್ಲಿ ಕೊನೆ ಅಂದರೆ ಬಿಲ್ಲು ತಾನೇ? ಆದರೆ ಎಷ್ಟೋ ಕಡೆ ಊಟ ಮುಗಿದ ಮೇಲೆ ನಮ್ಮನ್ನು ಯಾರೂ ತಿರುಗಿ ನೋಡಲ್ಲ. ಕೈ ಎತ್ತಿ ಎತ್ತಿ ಸಾಕಾಗಿ ನಾವೇ ಗಲ್ಲಾ ಹತ್ತಿರ ಹೋಗಬೇಕು. ಇಲ್ಲವೇ, ಕೊನೆ ತುತ್ತು ಬಾಯಲ್ಲಿರುವಾಗಲೇ ಬಿಲ್ಲು ತಂದಿಟ್ಟು ಎದುರಿಗೆ ನಿಲ್ಲುತ್ತಾರೆ. ಎರಡೂ ಒಂದೇ ಥರ ಕೆಟ್ಟದು. ನಮ್ಮ ಹುಡುಗ ದೂರದಲ್ಲಿ, ಆದರೆ ಕಣ್ಣಿಗೆ ಬೀಳುವಂತೆ ನಿಂತಿದ್ದ. ನೋಡಿದೆ, ಅಷ್ಟಕ್ಕೇ ಬಂದ.

ಜಾಸ್ತಿ ಉಪಚಾರವನ್ನೂ ನಾನು ಒಳ್ಳೆ ಸರ್ವಿಸ್ ಅನ್ನಲ್ಲ. ಬಾಯಿ ತುಂಬ ಇರುವಾಗ "ಹೇಗಿದೆ ಸಾರ್?" ಅನ್ನೋದು, ಮಾತಾಡುತ್ತಿರುವಾಗ ನಡುವೆ ಬಗ್ಗಿ ಬಡಿಸೋದು, ಒಬ್ಬರು ಇನ್ನೂ ತಿನ್ನುತ್ತಿರುವಾಗಲೇ ಉಳಿದವರ ತಟ್ಟೆ ಎತ್ತಿ ಆ ಒಬ್ಬರಿಗೆ ಅವಸರ ಹುಟ್ಟಿಸೋದು, ಇವೆಲ್ಲ ಕಾಟವೇ. "ಹಾಗಾದ್ರೆ ಅಡುಗೆ ಕೆಟ್ಟಿದ್ರೂ ಸರ್ವಿಸ್ ಚೆನ್ನಾಗಿದ್ರೆ ಸಾಕಾ?" ಅಂತಾನೂ ಕೇಳ್ತಾರೆ. ಖಂಡಿತ ಸಾಲದು. ಹಳಸಿದ್ದನ್ನು ಎಷ್ಟು ನಗುತ್ತಾ ಬಡಿಸಿದರೂ ಹಳಸಿದ್ದೇ.

ಕೊನೆಗೆ ಆ ಹೋಟೆಲ್ ಹೆಸರು ಹೇಳಿ ಅಂತಾರೆ. ಹೇಳಿ ಏನು ಉಪಯೋಗ? ಆ ಹುಡುಗ ಈಗ ಅಲ್ಲಿಲ್ಲ. ನೀವು ಹೋದ ಕಡೆ ಕೆಲಸದವರ ಕಣ್ಣು, ಕೈ ನೋಡಿ. ಕೈ ಖಾಲಿ ಇಟ್ಟುಕೊಂಡು ಅಡುಗೆಮನೆಗೆ ಹೋಗದೆ, ದಾರಿಯಲ್ಲಿ ಯಾವ ಮೇಜಿಗೆ ಏನು ಬೇಕು ಅಂತ ನೋಡುತ್ತಾ ಸಾಗುವವರು ಇದ್ದರೆ, ಅವರ ಕಡೆಯ ಮೇಜು ಹಿಡಿಯಿರಿ. ಚೆನ್ನಾಗಿ ನೋಡಿಕೊಂಡರೆ ಟಿಪ್ಸ್ ಕೊಡಿ, ಅದರ ಜೊತೆ ಮ್ಯಾನೇಜರಿಗೂ ಒಂದು ಮಾತು ಹೇಳಿ. "ಸರ್ವಿಸ್ ಚೆನ್ನಾಗಿತ್ತು" ಅಂತಲ್ಲ, ಅವರು ಏನು ಮಾಡಿದರು ಅನ್ನೋದನ್ನೇ ಬಿಡಿಸಿ ಹೇಳಿ.