ಹಾಸ್ಟೆಲಿನ ಹಿಂದಿನ ಗೊಬ್ಬರದ ರಾಶಿ

ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು ಈ ವರ್ಷ ತೀರಿಕೊಂಡರು. ಅವರನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಕೇಳಿದಾಗ, ಅವರು ಕಪ್ಪು ಹಲಗೆಯ ಮೇಲೆ ಬರೆದ ಸಮೀಕರಣಗಳಲ್ಲಿ ಒಂದೂ ಪೂರ್ತಿಯಾಗಿ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ಅವರು ನಮ್ಮನ್ನು ನಡೆಸಿಕೊಂಡು ಹೋದ ಹಳ್ಳ, ಮತ್ತು ಆ ಹಳ್ಳದಿಂದ ಹುಟ್ಟಿ ಇಂದಿಗೂ ನನ್ನ ಅನ್ನಕ್ಕೆ ದಾರಿಯಾಗಿರುವ, ಕಾಫಿ ಸಿಪ್ಪೆಯಿಂದ ಗೊಬ್ಬರ ಮಾಡುವ ಕೆಲಸ. ಜನರ ಕಷ್ಟವೊಂದನ್ನು ಪರಿಹರಿಸಲೆಂದೇ ನಡೆಯುವ ಸಾಮಾಜಿಕ ಉದ್ಯಮಗಳನ್ನು ವಿಶ್ವವಿದ್ಯಾಲಯಗಳು ಹೇಗೆ ಬೆಳೆಸಬೇಕು ಎಂಬ ಚರ್ಚೆ ಈಗ ಎಲ್ಲ ಕ್ಯಾಂಪಸ್ಸುಗಳಲ್ಲೂ ನಡೆಯುತ್ತಿದೆ. ಯಾವ ಯೋಜನೆಯ ನೆರವೂ ಇಲ್ಲದೆ ಇಬ್ಬರು ಅಧ್ಯಾಪಕರು ಅದನ್ನು ಮಾಡಿ ತೋರಿಸಿದ್ದನ್ನು ಕಣ್ಣಾರೆ ಕಂಡವನಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಬಿ.ಎಸ್ಸಿ.ಗೆ ಸೇರಿದ್ದು ಕಾಫಿಯ ಬೆಲೆ ನೆಲಕಚ್ಚಿದ್ದ ಕಾಲದಲ್ಲಿ. 2000ದ ನಂತರದ ಆ ಮೂರ್ನಾಲ್ಕು ವರ್ಷಗಳನ್ನು ಚಿಕ್ಕಮಗಳೂರಿನ ಸಣ್ಣ ಬೆಳೆಗಾರರು ಇನ್ನೂ ಮರೆತಿಲ್ಲ. ಕೊಯ್ಲಿನ ಕೂಲಿ ಹುಟ್ಟಿದರೆ ಸಾಕು ಎನ್ನುವ ಸ್ಥಿತಿ ಆಗ ಇತ್ತು. ನನ್ನ ತಂದೆ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ತೋಟದ ಕೂಲಿಯವರು ಇರುವ ಲೈನ್ ಮನೆಗಳ ಹೆಣ್ಣುಮಕ್ಕಳು ಕೊಯ್ಲು ಮುಗಿದ ಮೇಲೆ ಕೆಲಸ ಕೇಳಿಕೊಂಡು ಬಂದಾಗ ತಂದೆ ತಲೆ ತಗ್ಗಿಸಿ ಕೂರುತ್ತಿದ್ದುದನ್ನು ನಾನು ನೋಡಿದ್ದೆ. ಆದರೆ ಆ ಕಷ್ಟಕ್ಕೂ ನಾನು ಓದುತ್ತಿದ್ದ ಆಮ್ಲ, ಕ್ಷಾರಗಳಿಗೂ ಸಂಬಂಧವಿದೆ ಎಂದು ನನಗೆ ಹೊಳೆದಿರಲಿಲ್ಲ.

ಒಂದು ಡಿಸೆಂಬರಿನಲ್ಲಿ ಮೇಷ್ಟ್ರು ಪ್ರಾಕ್ಟಿಕಲ್ ತರಗತಿಯನ್ನು ಲ್ಯಾಬಿನಲ್ಲಿ ನಡೆಸದೆ, ಕೈಗೊಂದು ಬಾಟಲಿ ಕೊಟ್ಟು ನಮ್ಮನ್ನು ಊರಾಚೆಯ ಹಳ್ಳದ ದಂಡೆಗೆ ಕರೆದೊಯ್ದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ನಿಂದ ಮೇಲೆ ಒಂದಿಷ್ಟು ನೀರು, ಕೆಳಗೆ ಒಂದಿಷ್ಟು ನೀರು. ಮೇಲಿನದು ಸಾಮಾನ್ಯ ನೀರಿನಂತಿತ್ತು. ಕೆಳಗಿನದರ ಪಿಎಚ್, ಅಂದರೆ ಹುಳಿಯ ಅಳತೆ, ನಾಲ್ಕರ ಆಸುಪಾಸಿನಲ್ಲಿತ್ತು; ಅದು ಏಳಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಬೀಜದ ಮೇಲಿನ ಲೋಳೆ ತೊಳೆದ ನೀರಿನಲ್ಲಿ ಸಕ್ಕರೆಯ ಅಂಶವಿರುತ್ತದೆ, ಅದು ಹುದುಗಿ ಹುಳಿಯಾಗುತ್ತದೆ, ನೀರಿನಲ್ಲಿರುವ ಆಮ್ಲಜನಕವನ್ನು ತಿಂದುಹಾಕುತ್ತದೆ ಎಂದು ಅವರು ಅಲ್ಲೇ ನಿಂತು ವಿವರಿಸಿದರು. ಬಟ್ಟೆ ಒಗೆಯುತ್ತಿದ್ದ ಒಬ್ಬ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಇದೆಲ್ಲ ನಮಗೂ ಗೊತ್ತು ಸ್ವಾಮಿ, ಕಾಲು ಇಟ್ರೆ ತುರಿಸುತ್ತೆ. ನೀವು ಓದಿದೋರು, ಏನು ಮಾಡ್ತೀರಿ ಹೇಳಿ" ಎಂದರು. ಮೇಷ್ಟ್ರು ಉತ್ತರಿಸಲಿಲ್ಲ. ಮರುದಿನ ತರಗತಿಗೆ ಬಂದವರೇ ಆ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು, ಅದರ ಕೆಳಗೆ ಜಾಗ ಬಿಟ್ಟರು.

ಆ ವಾರ ಅವರು ಸಿಲಬಸ್ಸಿನ ಕಡೆ ತಿರುಗಿ ನೋಡಲಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನವನ್ನು ರೂಪಿಸುವ ಅಸ್ತ್ರ ಎಂಬ ಕೇಂದ್ರವನ್ನು ಕಟ್ಟಿದ್ದು, ದೊಡ್ಡ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ ಒಲೆಯ ಹೊಗೆಯನ್ನು ಅಧ್ಯಯನ ಮಾಡಿದ್ದು, ಅದರಿಂದ ಹೊಗೆ ಕಡಿಮೆಯಾದ ಅಸ್ತ್ರ ಒಲೆ ಬಂದದ್ದು, ಇವೆಲ್ಲ ನಮಗೆ ಗೊತ್ತಾದದ್ದು ಆಗ. ಬಾಂಗ್ಲಾದೇಶದ ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಮುಹಮ್ಮದ್ ಯೂನುಸ್ 1976ರಲ್ಲಿ ಕ್ಯಾಂಪಸ್ಸಿನ ಪಕ್ಕದ ಜೋಬ್ರಾ ಎಂಬ ಹಳ್ಳಿಯ 42 ಜನರಿಗೆ ಒಟ್ಟು 27 ಡಾಲರ್ ಸಾಲ ಕೊಟ್ಟ ಕಥೆಯನ್ನೂ ಹೇಳಿದರು. ಯೂನುಸರಿಗೆ 2006ರಲ್ಲಿ ನೊಬೆಲ್ ಬಂದಾಗ ಮೇಷ್ಟ್ರು ನನಗೆ ಫೋನ್ ಮಾಡಿ, "ಪಕ್ಕದ ಹಳ್ಳಿಗೆ ಹೋಗಿದ್ದಕ್ಕೆ ಕೊಟ್ಟರು ನೋಡಯ್ಯ" ಎಂದು ಮಗುವಿನಂತೆ ಸಂತೋಷಪಟ್ಟಿದ್ದರು.

ನಾವು ಹುಡುಗರು ಆವೇಶದಲ್ಲಿ ಹಳ್ಳವನ್ನೇ ಶುದ್ಧಮಾಡುವ ಮಾತನಾಡುತ್ತಿದ್ದೆವು. ಪಲ್ಪರ್ ನೀರನ್ನು ಶುದ್ಧಗೊಳಿಸಲು ತೊಟ್ಟಿಗಳು ಬೇಕು, ತೋಟದವರ ದುಡ್ಡು ಬೇಕು, ಅದು ನಿಮ್ಮ ಕೈಮೀರಿದ್ದು ಎಂದು ಮೇಷ್ಟ್ರು ಸ್ಪಷ್ಟವಾಗಿ ಹೇಳಿದರು. ಹಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ ಶೇ. 40ರಷ್ಟು ಬರೀ ಸಿಪ್ಪೆ. ಅದನ್ನು ಹಳ್ಳದ ಬದಿಯಲ್ಲಿ ಸುರಿಯುತ್ತಾರೆ, ಮಳೆ ಬಂದರೆ ಅದರ ರಸವೂ ನೀರಿಗೇ ಇಳಿಯುತ್ತದೆ, ಆ ಸಿಪ್ಪೆಯನ್ನು ಮಾತ್ರ ನೀವು ಹಿಡಿಯಿರಿ ಎಂದರು. ದೊಡ್ಡ ಸಮಸ್ಯೆಯಲ್ಲಿ ನಮ್ಮ ಕೈಗೆ ದಕ್ಕುವಷ್ಟನ್ನು ಬೇರ್ಪಡಿಸಿ ಕೊಡುವ ಈ ವಿದ್ಯೆಯನ್ನು ಮುಂದೆ ನಾನು ಯಾವ ತರಬೇತಿ ಶಿಬಿರದಲ್ಲೂ ಅಷ್ಟು ಚೆನ್ನಾಗಿ ಕಲಿತಿಲ್ಲ.

ಅದಾದ ಮೇಲೆ ನಡೆದದ್ದನ್ನು ನಮ್ಮ ಬ್ಯಾಚಿನವರು ಈಗಲೂ ಸೇರಿದಾಗಲೆಲ್ಲ ನೆನೆಯುತ್ತಾರೆ. ಪ್ರಿನ್ಸಿಪಾಲರು ಊರಲ್ಲಿಲ್ಲದ ಒಂದು ರಾತ್ರಿ, ಗೆಳೆಯನ ಚಿಕ್ಕಪ್ಪನ ಟ್ರ್ಯಾಕ್ಟರಿನಲ್ಲಿ ನಾವು ಹಸಿ ಸಿಪ್ಪೆ ತುಂಬಿಸಿ ತಂದು, ಹಾಸ್ಟೆಲಿನ ಹಿಂದಿನ ಖಾಲಿ ಜಾಗದಲ್ಲಿ ಸುರಿದೆವು. ವಾಚ್‌ಮನ್ನರಿಗೆ ತೋಟಗಾರಿಕೆಯ ಕೆಲಸವೆಂದು ಹೇಳಿದ್ದೆವು. ಮೂರನೆಯ ದಿನಕ್ಕೆ ವಾಸನೆ ಹಾಸ್ಟೆಲ್ ದಾಟಿ ಆಫೀಸನ್ನು ಮುಟ್ಟಿತು. ಆ ವಾರವೇ ತಪಾಸಣಾ ಸಮಿತಿ ಬರುವುದಿತ್ತು. ವಾರ್ಡನ್ ನಮ್ಮ ಹೆಸರುಗಳನ್ನು ಬರೆದುಕೊಂಡು ಮೇಷ್ಟ್ರನ್ನು ಕರೆಸಿದರು. ಅವರು ಬಂದು ರಾಶಿಯ ಸುತ್ತ ಒಂದು ಸುತ್ತು ಹಾಕಿ, ಒಳಗೆ ಕೈಹಾಕಿ ಹಿಡಿಯಷ್ಟು ತೆಗೆದು ಮೂಸಿ, "ಏನ್ರಪ್ಪಾ, ಇದಕ್ಕೆ ಉಸಿರಾಡೋಕೆ ಗಾಳಿ ಎಲ್ಲಿ ಬಿಟ್ಟಿದ್ದೀರಿ?" ಎಂದು ಕೇಳಿದರು. ಸಿಲ್ವರ್ ಓಕಿನ ತರಗೆಲೆ ತಂದು ಪದರ ಪದರವಾಗಿ ಹಾಕಿ, ಸಗಣಿ ನೀರು ಚಿಮುಕಿಸಿ, ಹುಳಿ ಮುರಿಯಲು ಸುಣ್ಣ ಬೆರೆಸಿ ಮಗುಚಿ ಹಾಕಲು ಹೇಳಿ, ತಾವೇ ಪಂಚೆ ಎತ್ತಿಕಟ್ಟಿ ಸಲಿಕೆ ಹಿಡಿದರು. ಸಮಿತಿ ಬರುವ ಹೊತ್ತಿಗೆ ವಾಸನೆ ಅಡಗಿತ್ತು. ಲ್ಯಾಬಿನ ಥರ್ಮಾಮೀಟರ್ ಇಟ್ಟರೆ ರಾಶಿಯ ಒಳಗೆ 60 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಸಮಿತಿಯ ಹಿರಿಯರೊಬ್ಬರನ್ನು ಮೇಷ್ಟ್ರು ನೇರವಾಗಿ ಅಲ್ಲಿಗೇ ಕರೆದುತಂದು, ವಿವರಿಸುವ ಕೆಲಸವನ್ನು ನನಗೆ ವಹಿಸಿದರು. ನಾನು ಚೆನ್ನಾಗಿಯೇ ವಿವರಿಸಿದೆ ಎಂಬ ಹೆಮ್ಮೆ ನನಗೆ ಇಂದಿಗೂ ಇದೆ.

ಗೊಬ್ಬರ ಕಪ್ಪಗೆ ಪುಡಿಪುಡಿಯಾಗಿ ಬಂದಾಗ ಚೀಲಕ್ಕೆ ತುಂಬಿ ಪೇಟೆಯ ನರ್ಸರಿಗಳಿಗೂ ಹೊಸ ಬಡಾವಣೆಯ ಮನೆಗಳಿಗೂ ಮಾರಿದೆವು. ಲಾಭ ಬಂದಿದೆ ಎಂದು ಕುಣಿಯುತ್ತಿದ್ದ ನಮ್ಮನ್ನು ಮೇಷ್ಟ್ರು ವಾಣಿಜ್ಯ ವಿಭಾಗದ ಲೆಕ್ಕಶಾಸ್ತ್ರದ ಮೇಷ್ಟ್ರ ಬಳಿಗೆ ಕಳುಹಿಸಿದರು. ಅವರು ಮಿತಭಾಷಿ. ಪುಸ್ತಕ ತಿರುವಿಹಾಕಿ, "ನಿಮ್ಮ ಕೂಲಿ ಎಲ್ಲಿ ಬರೆದಿದ್ದೀರಿ? ಟ್ರ್ಯಾಕ್ಟರಿನ ಬಾಡಿಗೆ ಎಲ್ಲಿ?" ಎಂದು ಎರಡೇ ಪ್ರಶ್ನೆ ಕೇಳಿದರು. ನೀವು ಹುಡುಗರು ಪುಕ್ಕಟೆ ದುಡಿದಿರಿ, ನಾಳೆ ಈ ಕೆಲಸ ಲೈನ್ ಮನೆಯ ಹೆಣ್ಣುಮಕ್ಕಳಿಗೆ ಹೋದಾಗ ಅವರೂ ಪುಕ್ಕಟೆ ದುಡಿಯಬೇಕೇ ಎಂಬುದು ಅವರ ಮಾತಿನ ಅರ್ಥವಾಗಿತ್ತು. ಕೂಲಿ ಸೇರಿಸಿ ಬರೆದಾಗ ಲಾಭ ಮಾಯವಾಯಿತು. ಚೀಲದ ಬೆಲೆ, ಸಾಗಾಟದ ದೂರ, ರಾಶಿಯ ಗಾತ್ರ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿಸಿ, ಕೂಲಿ ಕೊಟ್ಟ ಮೇಲೂ ಉಳಿಯುವ ಬೆಲೆ ಯಾವುದೆಂದು ಅವರು ನಮ್ಮ ಕೈಯಲ್ಲೇ ಕಂಡುಹಿಡಿಸಿದರು. ಪದವಿಯ ನಂತರ ಅದೇ ಲೆಕ್ಕವನ್ನು ಹಿಡಿದುಕೊಂಡು ನಾನು ಹಳ್ಳದ ಕೆಳಗಿನ ಊರಿನ ಸ್ತ್ರೀಶಕ್ತಿ ಸಂಘದವರೊಡನೆ ಕೆಲಸ ಶುರುಮಾಡಿದೆ. ಇಂದು ನಮ್ಮ ಘಟಕದಲ್ಲಿ ಕೊಯ್ಲಿಲ್ಲದ ತಿಂಗಳುಗಳಲ್ಲೂ ಹೆಣ್ಣುಮಕ್ಕಳಿಗೆ ಕೂಲಿ ಸಿಗುತ್ತಿದೆ, ಕೂಲಿ ಬಾಕಿ ಉಳಿದದ್ದು ಒಮ್ಮೆಯೂ ಇಲ್ಲ. ಜಿಲ್ಲೆಯ ಬೇರೆ ಕಡೆಗಳಿಂದಲೂ ಜನ ನೋಡಲು ಬರುತ್ತಾರೆ.

ಈಗಿನ ಕಾಲೇಜುಗಳಲ್ಲಿ ನಮಗಿಲ್ಲದಿದ್ದ ಅನುಕೂಲಗಳು ಎಷ್ಟೋ ಇವೆ. ಕಾಲೇಜುಗಳನ್ನು ಹಳ್ಳಿಗಳೊಡನೆ ಬೆಸೆಯುವ ಉನ್ನತ ಭಾರತ ಅಭಿಯಾನ 2014ರಲ್ಲಿ ಬಂತು, ಹೊಸ ಆಲೋಚನೆಗಳಿಗೆ ಕ್ಯಾಂಪಸ್ಸಿನಲ್ಲೇ ಬೆಂಬಲ ಕೊಡುವ ಇನ್ನೊವೇಷನ್ ಕೌನ್ಸಿಲ್‌ಗಳು 2018ರಲ್ಲಿ ಬಂದವು. ವಿದ್ಯಾರ್ಥಿ ಉದ್ಯಮಿಗಳಿಗೆ ಹಾಜರಿಯಲ್ಲಿ ರಿಯಾಯಿತಿ ಕೊಡಬಹುದೆಂದು 2019ರ ಸ್ಟಾರ್ಟ್‌ಅಪ್ ನೀತಿಯೂ ಹೇಳುತ್ತದೆ. ಇವನ್ನು ರೂಪಿಸಿದವರ ಬಗ್ಗೆ ನನಗೆ ಗೌರವವಿದೆ. ಆದರೆ ನಾನು ತೀರ್ಪುಗಾರನಾಗಿ ಹೋಗುವ ಸ್ಪರ್ಧೆಗಳಲ್ಲಿ ಮಕ್ಕಳು ಒಂದೇ ರಾತ್ರಿಯಲ್ಲಿ ಸಿದ್ಧಪಡಿಸಿದ ಸ್ಲೈಡುಗಳನ್ನು ಸೊಗಸಾಗಿ ತೋರಿಸುತ್ತಾರೆ. ಯಾರ ಕಷ್ಟವನ್ನು ಪರಿಹರಿಸುತ್ತೇವೆ ಎನ್ನುತ್ತಾರೋ ಅವರಲ್ಲಿ ಒಬ್ಬರನ್ನಾದರೂ ಮಾತನಾಡಿಸಿದ್ದೀರಾ ಎಂದರೆ ಮುಖ ನೋಡುತ್ತಾರೆ. ತಪ್ಪು ಮಕ್ಕಳದಲ್ಲ. ಸೆಮಿಸ್ಟರ್ ಪರೀಕ್ಷೆ, ಇಂಟರ್ನಲ್ಸ್, ಅಸೈನ್‌ಮೆಂಟುಗಳ ನಡುವೆ ಹಳ್ಳದ ದಂಡೆಗೆ ಹೋಗಲು ಅವರಿಗೆ ಮಧ್ಯಾಹ್ನವೇ ಉಳಿದಿಲ್ಲ. ಹಾಗೆ ಕರೆದುಕೊಂಡು ಹೋದ ಅಧ್ಯಾಪಕರ ಶ್ರಮವೂ ಬಡ್ತಿಯ ಅಂಕಗಳಲ್ಲಿ ಸಂಶೋಧನಾ ಲೇಖನದಷ್ಟು ತೂಗುವುದಿಲ್ಲ.

ವಿಶ್ವವಿದ್ಯಾಲಯಗಳು ಮೊದಲು ಸರಿಪಡಿಸಬೇಕಾದದ್ದು ಈ ಎರಡನ್ನು ಎಂಬುದು ನನ್ನ ದೃಢ ಅಭಿಪ್ರಾಯ. ಕಟ್ಟಡ ಆಮೇಲೆ ಬರಲಿ. ಇದಕ್ಕಿಂತಲೂ ಹೆಚ್ಚಾಗಿ ಯಾರೂ ಗಮನಿಸದ ಒಂದು ತೊಂದರೆಯಿದೆ: ಮೂರು ವರ್ಷಕ್ಕೆ ವಿದ್ಯಾರ್ಥಿ ಹೊರಟುಹೋಗುತ್ತಾನೆ, ಅವನ ಜೊತೆಗೆ ಕೆಲಸವೂ ನಿಲ್ಲುತ್ತದೆ. ನಮ್ಮ ಮೇಷ್ಟ್ರು ಇದಕ್ಕಾಗಿ ಒಂದು ಫೈಲು ಇಟ್ಟಿದ್ದರು. ನಾವು ತೆಗೆದ ಪಿಎಚ್ ಅಳತೆಗಳು, ಕೆಟ್ಟುಹೋದ ರಾಶಿಗಳ ಕಾರಣಗಳು, ಗೊಬ್ಬರ ಕೊಂಡವರ ದೂರುಗಳು ಎಲ್ಲವೂ ಅದರಲ್ಲಿದ್ದು, ಮುಂದಿನ ಬ್ಯಾಚಿನವರು ಅದನ್ನು ಓದಿದ ಮೇಲೆಯೇ ಸಲಿಕೆ ಮುಟ್ಟಬೇಕಿತ್ತು. ಪ್ರತಿ ಸಂಸ್ಥೆ ಕನಿಷ್ಠ ಐದು ಹಳ್ಳಿಗಳನ್ನು ದತ್ತು ತೆಗೆದುಕೊಳ್ಳಬೇಕೆಂಬುದು ಉನ್ನತ ಭಾರತ ಅಭಿಯಾನದ ಆಶಯ. ನಮ್ಮಂಥ ಸಣ್ಣ ಕಾಲೇಜು ಒಂದೇ ಹಳ್ಳಿಯನ್ನು ಹತ್ತು ವರ್ಷ ಬಿಡದೆ ಹಿಡಿದುಕೊಂಡರೆ ಇನ್ನೂ ಹೆಚ್ಚು ಫಲ ಕಾಣುತ್ತದೆಂದು ನಾನು ನಂಬಿದ್ದೇನೆ.

ಮೇಷ್ಟ್ರ ಹೆಸರಿನಲ್ಲಿ ಚಿನ್ನದ ಪದಕ ಇಡಬೇಕೆಂಬ ಸಲಹೆ ಸಂಘದ ಸಭೆಯಲ್ಲಿ ಬಂದಿದೆ. ಪದಕ ಹೆಚ್ಚು ಅಂಕ ಪಡೆದವರಿಗೆ ಹೋಗುತ್ತದೆ. ಅದರ ಬದಲು ಆ ಹಣವನ್ನು ಬಡ್ಡಿಯಿಲ್ಲದ ಸಾಲವಾಗಿ ವಿದ್ಯಾರ್ಥಿ ತಂಡಗಳಿಗೆ ಕೊಡೋಣ, ಕೆಲಸ ಯಶಸ್ವಿಯಾದಾಗ ಹಣ ಹಿಂತಿರುಗಿಸಿದರೆ ಒಳ್ಳೆಯದು, ಸೋತರೆ ಸೋತ ಕಾರಣವನ್ನು ಪೂರ್ತಿ ಬರೆದು ಫೈಲಿಗೆ ಸೇರಿಸಲಿ, ಲೆಕ್ಕವನ್ನು ಪ್ರತಿ ತಿಂಗಳೂ ಬಿ.ಕಾಂ. ವಿದ್ಯಾರ್ಥಿಗಳೇ ತಪಾಸಣೆ ಮಾಡಲಿ ಎಂದು ನಾನು ಕೇಳಿಕೊಂಡಿದ್ದೇನೆ. ನನ್ನ ಪಾಲಿನ ಹಣವನ್ನು ಖಜಾಂಚಿಯವರಿಗೆ ಈಗಾಗಲೇ ಒಪ್ಪಿಸಿದ್ದೇನೆ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಶುರುವಾಗುವುದರಿಂದ, ಮೊದಲ ತಂಡವನ್ನು ಸೆಪ್ಟೆಂಬರಿನೊಳಗೆ ಆರಿಸಿದರೆ, ಹಳ್ಳದ ಕೆಳಗಿನ ಊರಿನವರ ಜೊತೆ ಕೂತು ಮಾತನಾಡಲು ಆ ಮಕ್ಕಳಿಗೆ ಒಂದು ತಿಂಗಳಾದರೂ ಸಿಗುತ್ತದೆ.